ಆರು ಅಂಕಿ

ಅಲ್ರೀ ಅಕ್ಕಾರ, ಆರು ಅಂಕಿ! ಬರೇ ಆರು ಅಂಕಿ ಓದ್ರಿ ಅಂದರ, ಹಿಂಗ ನನ್ನ ಮಾರಿ ನೋಡಕೋತ ಕುಂತರ ಹೆಂಗ್ರಿ? ಫೋನ್ ನಿಮ್ಮ ಕೈಯಾಗೇ ಐತಿ. ಮೆಸೇಜ್ ಬಂದು ಟಣ್ ಅಂದಿದ್ದು ನಾನೂ ಕೇಳೀನಿ. ಓದ್ರಿ. ಚಾಳೀಸ ಬೇಕೇನು?... ಹಾಕ್ಕೊಂಡೀರಲ್ಲ ಮತ್ತ! ಹಾಂ, ತಡೀರಿ, ರೈಲು ಗಾಡಿ ಹೋಗಲಿ... ಈ ಮಣಿನಗರದಾಗ ಇದೊಂದು ನೋಡ್ರಿ, ಮಾತಾಡಬೇಕು ಅಂದಾಗೇ ಗಾಡಿ ಬರತೈತಿ... ಹೋತು. ಈಗ ಹೇಳ್ರಿ.

...ಹೋಗಲಿ ಬಿಡ್ರಿ. ಅದರ ಟೈಮ್ ಮುಗದೇ ಹೋತು. ಇನ್ನೊಮ್ಮೆ ಕಳಸತೀನಿ.

ಎಷ್ಟು ವರ್ಷ ಆತು ನಾ ನಿಮ್ಮ ಟ್ಯಾಕ್ಸ್ ರಿಟರ್ನ್ ತುಂಬಾಕ ಹತ್ತಿ? ನಿಮ್ಮ ಗಂಡ ಯಶವಂತ ತೀರಿಕೊಂಡ ವರ್ಷದಿಂದ. ಆರು ವರ್ಷ! ಜುಲೈ ಬಂತಂದರ ನಾ ಊರಿನ ಆ ತುದಿಗೆ ಸ್ಯಾಟಲೈಟ್ ಏರಿಯಾದಾಗ ನಮ್ಮ ಮನಿಯಾಗ ಕುಂತು ಫೋನ್ ಮಾಡತಿದ್ದೆ, 'ಗೌರಕ್ಕಾ, ಓಟಿಪಿ' ಅಂತಿದ್ದೆ. ನೀವು ಒಲಿ ಮುಂದ ನಿಂತಲ್ಲಿಂದನೇ ಪಟಪಟ ಓದತಿದ್ರಿ. ಏನಕ್ಕ, ಎತ್ತಕ್ಕ ಅಂತ ಒಂದು ದಿನ ಕೇಳಿದವರಲ್ಲ. ಬ್ಯಾಂಕಿನವರು ನಿಮ್ಮ ಠೇವಣಿ ಬಡ್ಡಿಯಾಗ ಮುರಕೊಂಡ ನಾಲ್ಕು ಸಾವಿರ ಚಿಲ್ಲರ ವಾಪಸ್ ಬಂತು ಅಂದರ ಸಾಕು, ಡಬ್ಬಿ ತುಂಬ ಶೇಂಗಾ ಹೋಳಗಿ ಕಳಸತಿದ್ರಿ. ಕನ್ನಡ ಸಂಘದಾಗ ಎಲ್ಲಾರ ಮುಂದ ಹೇಳತಿದ್ರಿ, 'ಲಿಂಗರಾಜಣ್ಣ ಇರೂತನಕ ನನಗ ಸರಕಾರದ ಅಂಜಿಕಿ ಇಲ್ಲ' ಅಂತ... ಈಗ್ಯಾಕ ನಗತೀರಿ? ನಗೂವಂಥಾದ್ದು ನಾ ಏನೂ ಹೇಳಲಿಲ್ಲ.

ನೋಡ್ರಿ, ಇನ್ನೊಮ್ಮೆ ಬಿಡಿಸಿ ಹೇಳತೀನಿ. ಇನ್‌ಕಮ್ ಟ್ಯಾಕ್ಸಿನವರು ಏನಂತಾರ? ಗೌರಮ್ಮ ಯಶವಂತ ಅನ್ನೋ ಹೆಣಮಗಳಿಗೆ ಒಂದು ವರ್ಷದಾಗ ಇಪ್ಪತ್ತೊಂದು ಲಕ್ಷ ಅರವತ್ತು ಸಾವಿರ ಮನಿ ಬಾಡಿಗಿ ಬಂದೈತಿ, ಆಕಿ ಅದನ್ನ ತೋರಿಸಿಲ್ಲ ಅಂತಾರ. ಒಂಬತ್ತು ಮಂದಿ, 'ನಾವು ಬಾಡಿಗಿ ಮನಿಯಾಗ ಇದ್ದೀವಿ, ಟ್ಯಾಕ್ಸ್ ಕಡಿಮಿ ಮಾಡ್ರಿ' ಅಂತ ತಮ್ಮ ರಿಟರ್ನ್‌ನ್ಯಾಗ ಬರದಾರ. ಮನಿ ಮಾಲೀಕರು ಯಾರು ಅನ್ನೋ ಕಡೆ ನಿಮ್ಮ ಪ್ಯಾನ್ ನಂಬರ್ ಹಾಕ್ಯಾರ. ಇದಕ್ಕ ಉತ್ತರ ಕೊಡಾಕ ಇವತ್ತ ಕಡೀ ದಿನ. ಇರೂವು ಎರಡೇ ಉತ್ತರ. ಒಂದು, ಹೌದು, ಈ ರೊಕ್ಕ ನನಗ ಬಂದೈತಿ. ಇನ್ನೊಂದು, ಇಲ್ಲ, ಇದು ನಂದಲ್ಲ. ನಾ ಏನು ಹೇಳತೀನಂದರ... ಹೌದು ಅಂದುಬಿಡೂಣು. ನಾ ಈ ಲ್ಯಾಪ್‌ಟಾಪ್‌ನ್ಯಾಗ ಒತ್ತತೀನಿ, ನೀವು ಅಂಕಿ ಹೇಳ್ರಿ, ಮುಗೀತು!

ಟ್ಯಾಕ್ಸು, ಬಡ್ಡಿ, ದಂಡ ಎಲ್ಲಾ ಕೂಡಿ ನಾಲ್ಕು ಲಕ್ಷದ ಮ್ಯಾಲ ಹೋಗತೈತಿ. ಗೊತ್ತೈತಿ. ಯಶವಂತನ ಗ್ರ್ಯಾಚುಟಿ ರೊಕ್ಕ ಅದು, ನಿಮ್ಮ ಮೊಣಕಾಲ ಆಪರೇಷನ್‌ಗೆ ಅಂತ ತಗದಿಟ್ಟಿದ್ದು. ಅದೂ ಗೊತ್ತೈತಿ. ಮೂರನೇ ಮಜಲಿ ಹತ್ತಿ ಬರೂದರಾಗ ನನಗೇ ತೇಕು ಹತ್ತತೈತಿ, ನಿಮ್ಮ ಕಾಲಿನ ಗತಿ ಏನಿರಬೇಕು... ಆದರ ಏನು ಮಾಡೂದ್ರಿ? 'ನಂದಲ್ಲ' ಅಂದರ ಅವರು ಸುಮ್ಮನ ಬಿಡಂಗಿಲ್ಲ. ಒಂಬತ್ತೂ ಮಂದಿಗೆ ಕಾಗದ ಹೋಗತಾವ. ರಸೀದಿ ತೋರಸ್ರಿ, ಮನಿ ತೋರಸ್ರಿ ಅಂತಾರ. ನೌಕರಿಗೆ ಸಂಚಕಾರ. ಒಬ್ಬಗ ಮೊನ್ನೆ ಮೊನ್ನೆ ಕೂಸು ಹುಟ್ಟೈತಿ, ಇನ್ನೊಬ್ಬನ ಹೇಣ್ತಿ...

ಏನು? ಅವರು ಯಾರಂತ ನನಗ ಹೆಂಗ ಗೊತ್ತು ಅಂತೀರೇನು?... ಇಲ್ಲ, ನೀವೇನೂ ಅನ್ನಲಿಲ್ಲ. ಹೌದು. ನೀವು ಹಂಗ ನೋಡಿದ್ರಲ್ಲ, ಅದಕ್ಕಂದೆ. ಅಂದಾಜ್ರೀ! ಅಂದಾಜಿಲೆ ಹೇಳಿದೆ. ಪಗಾರದ ಮಂದಿಗೆ ಹೇಣ್ತಿ ಮಕ್ಕಳು ಇರೂದಿಲ್ಲೇನು?

ಬಂತು ನೋಡ್ರಿ, ಮತ್ತ ಟಣ್ ಅಂತು. ಓದ್ರಿ.

...

ಓದ್ರಿ ಅಕ್ಕಾರ. ಯಾಕ ಹಟಾ ಹಿಡದೀರಿ? ನನ್ನ ಮ್ಯಾಲ ಸಿಟ್ಟು ಐತೇನು? ಏಪ್ರಿಲ್‌ದಾಗ ಮೊದಲನೇ ಕಾಗದ ಬಂದಾಗ ನಾ ಅಂದಿದ್ದು ಮನಸಿನ್ಯಾಗ ಇಟಗೊಂಡೀರಿ ಕಾಣತೈತಿ. ಆ ಕಾಗದದಾಗ ಬರೇ ಮೊತ್ತ ಇತ್ತು, ಹೆಸರಿಲ್ಲ, ಊರಿಲ್ಲ. ನೀವು ಗಾಬರಿ ಆಗಿ ಓಡಿ ಬಂದ್ರಿ. ಏನು ಹೇಳಬೇಕು ನಾನು? ನನಗೂ ಕೈಕಾಲು ಆಡಲಿಲ್ಲ. ಅದಕ್ಕ ಅಂದೆ, ಯಶವಂತ ಮೂರು ವರ್ಷ ಸೂರತ್‌ನ್ಯಾಗ ಒಬ್ಬನೇ ಇದ್ದ, ಅಲ್ಲಿ ಸಚಿನ್ ಅನ್ನೋ ಏರಿಯಾದಾಗ ಫ್ಯಾಕ್ಟರಿಗಳ ವಿಮಾ ನೋಡಕೋತ. ಅಲ್ಲೆ ಏನರ ನಿಮ್ಮ ಹೆಸರಿಲೆ ಮನಿ ಗಿನಿ ಮಾಡಿ ಬಾಡಿಗಿಗೆ ಬಿಟ್ಟಿದ್ನೋ ಏನೋ, ಆ ಬಾಡಿಗಿ ಯಾರ ಕೈ ಸೇರತಿತ್ತೋ ಏನೋ, ಗಂಡಸು, ಒಬ್ಬನೇ ಇದ್ದಾಗ ಯಾರಿಗೆ ಗೊತ್ತು... ಅಷ್ಟೇ. ಅಷ್ಟೇ ಅಂದೆ! ಇನ್ನೊಂದು ಹೆಂಗಸು ಅನ್ನೋ ಮಾತು ನನ್ನ ಬಾಯಿಂದ ಬಂತೇನು? ಬರಲಿಲ್ಲ.

ಅದನ್ನ ತಗೊಂಡು ಹೋಗಿ ಮೇದಿನಿ ಮುಂದ ಹೇಳಿದವರು ನೀವು. ಆಕೀನೂ ಎಂಥಾ ಮಗಳು! ವಡೋದರಾದಿಂದ ಗಂಡನ್ನ ಕರಕೊಂಡು ಬಂದು, 'ಅವ್ವಾ, ಅಪ್ಪ ಮಾಡಿದ ಮನಿ ಎಲ್ಲೈತಿ, ಇಷ್ಟು ವರ್ಷ ಬಾಡಿಗಿ ತಿಂದು ಯಾಕ ಮುಚ್ಚಿಟ್ಟಿ' ಅಂತ ಜಗಳಾ ತಗದು ಹೋದಳು. ಅಂದಿನಿಂದ ಫೋನೂ ಇಲ್ಲಂತ ಕೆಳಗಿನ ಮನಿ ಪೂರ್ವಿ ಹೇಳಿದಳು. ಅದು ನನ್ನ ತಪ್ಪೇನ್ರಿ? ನಾ ಒಂದು ಸಂಶಯ ಹೇಳಿದೆ. ಸಂಶಯ ಎಲ್ಲಾರಿಗೂ ಬರತೈತಿ...

ಒಂಬತ್ತು ಮಂದಿಗೆ ಬಾಡಿಗಿಗೆ ಕೊಡೂವಷ್ಟು ಮನಿ! ನಾಲ್ಕೈದು ಕೋಟಿ ಆಸ್ತಿ ಆತದು. ವಿಮಾ ಆಫೀಸಿನ ಹೆಡ್ ಕ್ಲಾರ್ಕ್, ಹತ್ತು ವರ್ಷ ಒಂದೇ ಚಪ್ಪಲಿಗೆ ಹೊಲಿಗಿ ಹಾಕಿಸಿಕೊಂಡ ಮನಷ್ಯಾ... ನೀವರ ಹೆಂಗ ನಂಬಿದ್ರಿ?

ಹಂಗ ನೋಡಬ್ಯಾಡ್ರಿ.

ಆತು, ರೊಕ್ಕದ ಮಾತು ಮೊದಲ ಮುಗಸೂಣು. ನಾಲ್ಕು ಲಕ್ಷ ನೀವೊಬ್ಬರೇ ಕಟ್ಟಬೇಕು ಅಂತ ಯಾರು ಹೇಳ್ಯಾರ? ಈಗ ನಿಮ್ಮ ಠೇವಣಿ ಮುರದು ಕಟ್ಟೂಣು. ಆಮ್ಯಾಲ ನಾವು ಒಂಬತ್ತು ಮನಿಯವರು ಕೂಡಿ ತಿಂಗಳಾ ತಿಂಗಳಾ ಇಷ್ಟಿಷ್ಟು ನಿಮ್ಮ ಕೈಗೆ ತಂದು...

...

ನಾವು ಅಂದೆನೇನು?

ಸಂಘದವರು ಅಂತ ಅಕ್ಕಾರ. ಸಂಘ! ಪರಊರಾಗ ಒಬ್ಬರಿಗೆ ತೊಂದರಿ ಆದರ ಕನ್ನಡದವರು ಎಲ್ಲಾರೂ ಕೂಡಿ ಹಾಕೂದಿಲ್ಲೇನು... ಒಂಬತ್ತು ಅಂದೆ? ಹೌದು, ಒಂಬತ್ತು ಅಂದೆ.

ಫೋನ್ ಯಾಕ ಬೋರಲ ಇಟ್ರಿ? ತಗೋರಿ ಅದನ್ನ. ಅಕ್ಕಾರ... ಬೈದರ ಬೈರಿ, ಹಿಂಗ ಸುಮ್ಮನ ಕುಂದ್ರಬ್ಯಾಡ್ರಿ. ನನಗ ಇದು ತಡೀಯಂಗಿಲ್ಲ.

ನೀರು ಕೊಡ್ರಿ ಸ್ವಲ್ಪ... ಬ್ಯಾಡ, ಕೂಡ್ರಿ, ಇಲ್ಲೇ ತಂಬಿಗಿ ಐತಿ.

ಐದು ವರ್ಷದ ಹಿಂದ ಪ್ರವೀಣ್ ಬಂದಿದ್ದ. ಬ್ಯಾಂಕಿನವ, ಉಡುಪಿ ಕಡೆಯವ. 'ಅಂಕಲ್, ಟ್ಯಾಕ್ಸ್ ತುಂಬಾ ಕಟ್ ಆಗ್ತದೆ ಮಾರಾಯ್ರೆ, ಏನಾದ್ರೂ ಮಾಡಿ' ಅಂದ. ಸ್ವಂತ ಫ್ಲಾಟಿನಾಗ ಇದ್ದವ. ಬಾಡಿಗಿ ಮನಿ ಅಂತ ತೋರಸೂಣು ಅಂದೆ. ವರ್ಷಕ್ಕ ಒಂದು ಲಕ್ಷ ದಾಟಿದರ ಮಾಲೀಕರ ಪ್ಯಾನ್ ಬೇಕು. ಯಾರದು ಹಾಕಬೇಕು? ನನ್ನ ಡೈರಿಯಾಗ ನಿಮ್ಮ ನಂಬರ್ ಇತ್ತು. ನಿಮಗ ಪೆನ್ಷನ್ನು, ಬಡ್ಡಿ ಬಿಟ್ಟರ ಬ್ಯಾರೆ ಏನೂ ಇಲ್ಲ. ಯಾರು ನಿಮ್ಮನ್ನ ಕೇಳತಾರ ಅಂದಕೊಂಡೆ. ಅವಗ ಅರವತ್ತು ಸಾವಿರ ರಿಫಂಡ್ ಬಂತು! ಪೇಢೆ ತಂದು ನನ್ನ ಕಾಲಿಗೆ ಬಿದ್ದ. ಮುಂದಿನ ವರ್ಷ ಸುಧೀರ್ ಬಂದ, ಅವನ ಹಿಂದ ಇನ್ನಿಬ್ಬರು, ಹಿಂಗ ಎಂಟು ಮಂದಿ ಆದರು. ಎಲ್ಲಾರಿಗೂ ಅದೇ ನಂಬರ್. ಮಾಲೀಕರು ನಮ್ಮ ಪರಿಚಯದವರೇ, ಒಪ್ಪ್ಯಾರ ಅಂತ ಅವರಿಗೆ ಹೇಳಿದೆ. ನೀವು ಅಂತ ಅವರಿಗೂ ಗೊತ್ತಿಲ್ಲ. ರಸೀದಿ ಮ್ಯಾಲ ಹೆಸರು ಇದ್ದರೂ ಓದಾಕ ಬರಬೇಕಲ್ಲ... ಇಲ್ಲ, ಸುಳ್ಳು. ಅವರು ಕನ್ನಡದವರು, ಓದಾಕ ಬರತೈತಿ. ಓದ್ಯಾರ. ಓದಿ ಸುಮ್ಮನಿದ್ದಾರ. ಸಂಘದಾಗ ನಿಮ್ಮ ಪಕ್ಕಕ್ಕ ಕುಂತು ಊಟಾ ಮಾಡ್ಯಾರ.

ರಸೀದಿ ಮ್ಯಾಲಿನ ಸಹಿ? ನಾ ಮಾಡಿದ್ದು. ನೀವು ಕನ್ನಡದಾಗ ಸಹಿ ಮಾಡತೀರಿ, ಗೌರಮ್ಮ ಅಂತ, ಕಡೀ 'ಮ್ಮ'ದ ಬಾಲ ಉದ್ದ ಎಳದು. ಈ ಊರಿನ ಆಫೀಸುಗಳಾಗ ಅದನ್ನ ಯಾರು ಗುರುತ ಹಿಡೀತಾರ? ಇಂಗ್ಲೀಷಿನ್ಯಾಗ ಮಾಡೂವರಿದ್ದರ ನನಗ ಧೈರ್ಯ ಬರತಿದ್ದಿಲ್ಲ. ನಿಮ್ಮ ರಿಟರ್ನಿನ ಕಾಗದ ಮುಂದಿಟಗೊಂಡು ಎರಡು ದಿನ ತಿದ್ದಿದೆ, ಸಾಲಿ ಹುಡುಗರು ತಿದ್ದಿದಂಗ.

ಇನ್ನೂ ಕೇಳಬೇಕೇನು? ಕೇಳ್ರಿ. ಪುಕ್ಕಟ ಸೇವಾ ಅಂತ ನೀವು ಹಾಡಿ ಹೊಗಳಿದ್ರಲ್ಲ... ಬಂದ ರಿಫಂಡಿನ್ಯಾಗ ನೂರಕ್ಕ ಹತ್ತು ನಾ ಇಸಗೊಂಡೀನಿ. ಎಲ್ಲಾರ ಕಡಿಂದನೂ. ಒಬ್ಬನ್ನ ಬಿಟ್ಟು. ಒಂಬತ್ತನೇದವ ನಮ್ಮ ಅನಿರುದ್ಧ. ನನ್ನ ಮಗನೇ. ನನ್ನ ಮನಿಯಾಗ, ನಾ ಕಟ್ಟಿಸಿದ ಮನಿಯಾಗ ಇರೂ ಹುಡುಗ, ನಿಮಗ ತಿಂಗಳಾ ಇಪ್ಪತ್ತು ಸಾವಿರ ಬಾಡಿಗಿ ಕೊಡತಾನ! ಸರಕಾರಿ ನೌಕರಿ ಅಕ್ಕಾರ ಅವಂದು. 'ನಂದಲ್ಲ' ಅಂತ ನೀವು ಅಂದಿರಿ ಅಂದರ ಮೊದಲ ಹೋಗೂದು ಅವನ ನೌಕರಿ. ಅದಕ್ಕ... ಅದಕ್ಕ ಬಂದೀನಿ ಇವತ್ತ.

ಹೇಳಿದೆ. ಖರೇನೇ ಹೇಳಿದೆ ಎಲ್ಲಾ. ಈಗರ ಮಾತಾಡ್ರಿ.

...

ಮೇ ತಿಂಗಳದಾಗ ಯಶವಂತನ ಪುಣ್ಯತಿಥಿ ಇತ್ತು. ಪ್ರತಿ ವರ್ಷ ನೀವು ಫೋನ್ ಮಾಡಿ ಕರೀತಿದ್ರಿ, ನಾವಿಬ್ಬರೂ ಬಂದು ಉಂಡು ಹೋಗತಿದ್ವಿ. ಈ ವರ್ಷ ಕರೀಲಿಲ್ಲ. ಕಾಲು ನೋವು ಅಂತ ಅಂದಕೊಂಡೆ ನಾನು. ಮೇದಿನಿ ಬಂದಿರಲಿಕ್ಕಿಲ್ಲ, ಮನಿ ಮಟ್ಟಿಗೇ ಮಾಡಿರಬೇಕು ಅಂದಕೊಂಡೆ. ಮಾಡಿದ್ರಲ್ಲ?... ಅಕ್ಕಾರ? ಮಾಡಿದ್ರಿಲ್ಲೋ?

ಮಾಡಲಿಲ್ಲ.

ನಾ ಅಂದ ಮಾತಿಗೆ?... ಒಂದು ಹೂವು ಸೈತ ಏರಸಲಿಲ್ಲ ಅವಗ?

ದೇವರೇ... ಅಕ್ಕಾರ, ಅವ ಅಂಥವ ಅಲ್ರೀ. ಶನಿವಾರ ಆಫೀಸ್ ಬಿಟ್ಟ ಕೂಡಲೇ ಓಡತಿದ್ದ ಅವ. ಸೂರತ್‌ದಿಂದ ಮಣಿನಗರದ ತನಕ ಜನರಲ್ ಡಬ್ಬಿಯಾಗ ಬಾಗಿಲದಾಗ ನಿಂತು ಬರತಿದ್ದ. ಜ್ವರ ಇದ್ದಾಗೂ ಬಂದಾನ. 'ಒಂದು ವಾರ ಬರಬ್ಯಾಡ ಮಾರಾಯಾ, ಮಲಕೋ' ಅಂತ ನಾನೇ ಬೈದಿದ್ದೆ. 'ಆಕಿಗೆ ಈ ಊರ ಭಾಷಾ ಬರಂಗಿಲ್ಲ ಲಿಂಗ್ಯಾ, ವಾರ ಪೂರ್ತಿ ಆಕಿ ಬಾಯಿ ಬಿಟ್ಟು ಯಾರ ಕೂಡನೂ ಮಾತಾಡಿರಂಗಿಲ್ಲ' ಅಂತಿದ್ದ. ನನ್ನ ಮುಂದ ಅಂದಾನ. ನನಗ ಗೊತ್ತಿತ್ತು. ಗೊತ್ತಿದ್ದೂ ನಿಮಗ ಹಂಗ ಹೇಳಿದೆ. ಸತ್ತವ ಬಂದು ಇಲ್ಲಂತ ಹೇಳಂಗಿಲ್ಲ ಅಂತ ಗೊತ್ತಿದ್ದೇ ಹೇಳಿದೆ.

ಎದ್ರೇನು? ಎಲ್ಲಿಗೆ? ಬಿದ್ದೀರಿ, ಗ್ವಾಡಿ ಹಿಡಕೋರಿ... ಮೇದಿನಿಗೆ ಫೋನ್ ಮಾಡತೀರೇನು? ನಾನೇ ಮಾಡತೀನಿ, ನಾನೇ ಆಕಿಗೆ ಹೇಳತೀನಿ, ನನ್ನ ಬಾಯಿಲೇ... ಅಲ್ಲ, ಫೋನ್ ಇಲ್ಲೇ ಬಿಟ್ಟು ಹೊಂಟೀರಿ. ಅಕ್ಕಾರ, ಫೋನ್! ಯಾಕ ಅಂಗಾತ ಮಾಡಿ ನನ್ನ ಕಡೆ ಸರಿಸಿದ್ರಿ? ನನಗ ಬ್ಯಾಡ ಇದು. ಒಳಗ ತಗೊಂಡು ಹೋಗ್ರಿ ಇದನ್ನ.

ಅಕ್ಕಾರ?... ಕಪಾಟ ತಗದ್ರೇನು? ಏನು ಹುಡಕತೀರಿ? ಅವನ ಫೋಟೋ ಏನು?... ಅಳಾಕ ಹತ್ತೀರೇನು? ಕೇಳಸೂದಿಲ್ಲ ನನಗ. ಏನರ ಅನ್ರಿ.

ಟಣ್ ಅಂತು. ಮೂರನೇ ಸಲ ಬಂತು ನೋಡ್ರಿ, ನಾನೇ ಮತ್ತ ಕಳಸಿದ್ದು. ಇಲ್ಲಿಂದನೇ ಕಾಣತೈತಿ, ಆರೂ ಅಂಕಿ ದಪ್ಪಗ ಎದ್ದು ಕಾಣತಾವ. ನಾ ಓದೂದಿಲ್ಲ. ನಿಮ್ಮನ್ನ ಬಿಟ್ಟು ಓದಂಗಿಲ್ಲ ನಾನು, ಇಷ್ಟರ ಮಾನ ಐತಿ ನನಗ... ಹೊರಗ ಬಂದು 'ನಂದಲ್ಲ' ಅಂತ ನೀವೇ ಒತ್ತಿಬಿಡ್ರಿ. ಹೋದರ ಹೋಗಲಿ ಅನಿರುದ್ಧನ ನೌಕರಿ.

ಈ ತಿಂಗಳ ಪ್ರಮೋಷನ್ ಐತಿ ಅವಂದು. ಹುಡುಗಿ ಕಡೆಯವರು ಆಯಿತವಾರ ಬರತೀವಿ ಅಂದಾರ.

ಅಕ್ಕಾರ, ಟೈಮ್ ಮುಗೀತೈತಿ... ಬರತೀರಿಲ್ಲೋ?

ನಾಲ್ಕು. ಒಂದು... ಬರೇ ಓದಾಕ ಹತ್ತೀನಿ, ಒತ್ತೂದಿಲ್ಲ. ಮತ್ತ ಒಂದು. ಏಳು... ಒತ್ತಿದ್ದನ್ನ ಅಳಸಾಕೂ ಬರತೈತಿ ತಗೋರಿ... ಮೂರು.

ಇನ್ನೊಂದೇ ಅಂಕಿ ಉಳದೈತಿ. ಗೌರಕ್ಕಾ, ಈಗರ 'ಬ್ಯಾಡ' ಅನ್ರಿ.