ಸೆಕೆಂಡಿಗೆ ಇಪ್ಪತ್ತು ಸಾವಿರ

ಬೆಳಗಾವಿಯಿಂದ ಖಾನಾಪುರಕ್ಕೆ ಹೊರಟ ಬಸ್ಸಿನಲ್ಲಿ, ನನ್ನ ಮುಂದಿನ ಸೀಟಿನಲ್ಲಿ ಇಬ್ಬರು ಸಹೋದ್ಯೋಗಿಗಳು, ಒಬ್ಬ ಹುಡುಗ, ಒಬ್ಬ ಹುಡುಗಿ. ಹುಡುಗಿಯ ಮಡಿಲಲ್ಲಿ ಹೂವಿನ ಹಾರವಿತ್ತು.

“ಗೌರವ್ವಾರನ್ನ ಮಣ್ಣು ಮಾಡೂದು ಮೂರಕ್ಕ ಐತಂತ, ಸಂಯಮ.”

“ಹೂಂ.”

“ರಕ್ತದಾನಿಗಳ ವೆಬ್‌ಸೈಟ್ ಪೈಥಾನ್‌ದಾಗ ಚಂದ ನಡದಿತ್ತು. ಯಾಕ ಬದಲಿ ಮಾಡಿದಿ?”

“ಗೋ ಅನ್ನೂ ಪ್ರೋಗ್ರಾಮಿಂಗ್ ಭಾಷಾದ ಫ್ರೇಮ್‌ವರ್ಕ್ ಸೆಕೆಂಡಿಗೆ ಇಪ್ಪತ್ತು ಸಾವಿರ ಮಂದಿಗೆ ಉತ್ತರ ಕೊಡತೈತಿ, ಪ್ರಾಚಿ. ಪೈಥಾನ್‌ದ್ದು ಬರೇ ಎಂಟುನೂರು. ನಾನ ಅಳದು ನೋಡೀನಿ.”

“ಏನ್ ಅಳದಿ?”

“‘ನಮಸ್ಕಾರ’ ಅಂತ ತೋರಸೂ ಒಂದು ಪುಟ.”

“ಯಾರರೆ ರಕ್ತ ಕೇಳಿದ್ರ ಕೊಡೋರಿಗೆ ಮೆಸೇಜ್ ಹೋಗೂದು?”

“ಅದನ್ನ ಆಮ್ಯಾಲೆ ಬರದ್ರಾತು ಅಂತ ಬಿಟ್ಟಿದ್ದೆ.”

ಖಾನಾಪುರ ಬಂತು. ಇಬ್ಬರೂ ಎದ್ದರು.

“ಗೌರವ್ವಾರಿಗೆ ರಕ್ತ ಬೇಕಂತ ಅವರ ಮಗ ಕೇಳಿದನಲ್ಲ, ಆ ದಿನ ಸೈಟಿನ್ಯಾಗ ಒಟ್ಟು ಎಷ್ಟು ಮಂದಿ ಕೇಳಿದ್ರು?”

ಅವನು ಹಾರವನ್ನು ಕೈಗೆ ತೆಗೆದುಕೊಂಡು ಮೆಟ್ಟಿಲಿಳಿದ.

“ಅಂವ ಒಬ್ಬನ.”