ಕೇದಗೆ ಕಡಿಸಿದ ವರ್ಷ

...ದಂಡೆ ಜರಿದದ್ದು ಮಳೆಯಿಂದ ಅಂತ ನಿಮ್ಮಪ್ಪ ಹೇಳ್ತಾನೆ ಬಿಡಿ, ತಾಯಿ ಮರ್ಯಾದೆ ಉಳಿಸೂಕೆ ಹೇಳ್ತಾನೆ. ಮಳೆ ಪಾಪ ಎಂತ ಮಾಡ್ತದೆ? ಮಳೆ ವರ್ಷಾ ವರ್ಷಾ ಬತ್ತದೆ. ನಾನು ಮದುವೆಯಾಗಿ ಮುಟ್ಟಳ್ಳಿಯಿಂದ ಈ ಕೇರಿಗೆ ಬಂದಲ್ಲಿಂದ ನೋಡಿದ್ದೆ, ಎಂಥಾ ಮಳೆ ಬಂದ್ರೂ ಹಳ್ಳದ ಆ ದಂಡೆ ಒಂದು ಮುಷ್ಟಿ ಮಣ್ಣು ಬಿಟ್ಟು ಕೊಟ್ಟದ್ದಿಲ್ಲ. ಅದನ್ನ ಜರಿಸಿದ್ದು ನಾನು. ಹಂಗೆ ಕಣ್ಣು ಬಿಟ್ಟು ನೋಡ್ಬೇಡ ಸಹನಾ, ನಿನ್ನ ಅಜ್ಜಿಯೇ, ಬೇರೆ ಯಾರೂ ಅಲ್ಲ. ನಾಳೆ ನಿಮ್ಮ ಕಾಲೇಜಿನವ್ರು ಹಳ್ಳ ಚೊಕ್ಕ ಮಾಡೂಕೆ ಹೋತ್ರು ಅಂದ್ಯಲ್ಲ, ಹಂಗಾದ್ರೆ ಕೂತ್ಕ, ಇದೊಂದು ಕೇಳ್ಕಂಡೇ ಹೋಗು. ಆ ಮೊಬೈಲು ಆಚೆ ಇಡು. ತಮ್ಮನಿಗೂ ಜಾಗ ಬಿಡು, ಅವ್ನೂ ಕೇಳ್ಲಿ.

ಇದು ಎರಡು ಮಳೆಗಾಲದ ಹಿಂದಿನ ಮಾತು. ಅಲ್ಲಲ್ಲ, ಮೂರು. ಮೂರೇ, ನಿನ್ನ ತಮ್ಮ ಆಗ ಎರಡನೇ ಕ್ಲಾಸು. ಆ ಬೇಸಿಗೆಗೆ ನಮ್ಮ ಹಳ್ಳದ ಅವಸ್ಥೆ ಹೇಳಿ ಸುಖ ಇಲ್ಲ. ಗುಡ್ಡದಿಂದ ಇಳಿದು ನಮ್ಮ ಕೇರಿ ನಡುವೆ ಹಾದು ಕೆಳಗೆ ತೆಂಗಿನಗುಂಡಿ ಬದಿಗೆ ಹೋಗಿ ಸಮುದ್ರ ಸೇರುವ ಹಳ್ಳ ಅದು, ನಾವು ಬಟ್ಟೆ ತೊಳೆದ ಹಳ್ಳ, ದನ ಮೀಸಿದ ಹಳ್ಳ, ನಿಮ್ಮಪ್ಪ ಈಜು ಕಲಿತ ಹಳ್ಳ. ಅದರ ತುಂಬ ಪ್ಲಾಸ್ಟಿಕ್ಕು, ಬಾಟ್ಲಿ, ಮಕ್ಕಳ ಪ್ಯಾಡು, ಕೋಳಿ ಪುಕ್ಕ, ಒಂದು ಸಲ ಒಂದು ಇಡೀ ಹಾಸಿಗೆ, ಗೊತ್ತಾತಾ, ಹತ್ತಿ ಹಾಸಿಗೆ, ಸೊಕ್ಕಿದ ಎಮ್ಮೆಯಂಗೆ ನೀರಲ್ಲಿ ಬಿದ್ಕಂಡಿತ್ತು. ಮೂಗು ಮುಚ್ಚದೆ ಹಳ್ಳದ ಮೇಲಿನ ಸಂಕ ದಾಟೂಕಾಗ್ತಿರ್ಲಿಲ್ಲ. ಬಾವಿ ನೀರಿಗೂ ಒಂಥರಾ ವಾಸನೆ ಬಂತು. ಆಗ ನಾವು ಮಹಿಳಾ ಸಂಘದವ್ರು ಕೂತು ಮಾತಾಡಿದ್ವಿ. ಅಧ್ಯಕ್ಷೆ ನಾನೇ. ನಾನು ಎದ್ದು ನಿಂತು ಹೇಳಿದೆ, "ಯಾರೋ ಬತ್ರು, ಮಾಡ್ತ್ರು ಅಂತ ಕೂತ್ರೆ ನಾವು ಇದೇ ನೀರು ಕುಡಿದು ಸಾಯ್ಬೇಕು. ಭಾನುವಾರ ಬೆಳಿಗ್ಗೆ ಮನೆಗೊಬ್ರು ಬನ್ನಿ." ಬಂದ್ರು ಮಾರಾಯ್ತಿ! ನಾನು ಎಣಿಸಿರ್ಲೇ ಇಲ್ಲ. ಗಂಡಸ್ರು, ಹೆಂಗಸ್ರು, ಪೇಟೆಯಲ್ಲಿ ಕೆಲಸಕ್ಕೆ ಹೋಗುವ ಹುಡುಗ್ರು, ಎಲ್ಲರೂ ಬಂದ್ರು. ಗೋಣಿಚೀಲ ಹಿಡ್ಕಂಡು ಮೊಣಕಾಲು ನೀರಲ್ಲಿ ನಿಂತು ಕಸ ಹೆಕ್ಕಿದ್ರು. ನಾವು ಅವಲಕ್ಕಿ ಕಲಸಿ ಚಾ ಮಾಡಿ ಕೊಟ್ವಿ. ನಾಲ್ಕು ಭಾನುವಾರ ಆಗೂದ್ರೊಳಗೆ ನೀರಿನ ಅಡಿಗೆ ಮರಳು ಕಾಣೂಕೆ ಹಿಡೀತು. ಅಲ್ಲಿಗೆ ನಿಲ್ಲಿಸಿದ್ರೆ ನಾನು ಇವತ್ತು ನಿಮ್ಮ ಎದುರಿಗೆ ತಲೆ ಎತ್ತಿ ಕೂತಿರ್ತಿದ್ದೆ.

ನಿಲ್ಲಿಸ್ಲಿಲ್ಲ. ತಾಲೂಕಿನ ದೊಡ್ಡ ಮೇಡಂ ನೋಡೂಕೆ ಬತ್ರು ಅಂತ ಸುದ್ದಿ ಬಂತು. ಅದು ನನ್ನ ತಲೆಗೆ ಏರಿತು. ಹಳ್ಳ ಕನ್ನಡಿಯಂಗೆ ಕಾಣ್ಬೇಕು ಅಂತ ನನ್ನ ಹಟ. ಆಗ ಕಣ್ಣಿಗೆ ಬಿದ್ದದ್ದು ಆ ಕೇದಗೆ ಹಿಂಡು. ತಮ್ಮನಿಗೆ ನೆನಪಿರೂದಿಲ್ಲ, ಸಹನಾಗೆ ನೆನಪಿರ್ಬಹುದು, ನಮ್ಮ ಕೇರಿಯ ಮಾದೇವಿಯ ಗದ್ದೆ ಬದಿಗೆ, ಹಳ್ಳ ಎಡಕ್ಕೆ ತಿರುಗುವಲ್ಲಿ, ದಂಡೆ ಉದ್ದಕ್ಕೂ ಆಳೆತ್ತರದ ಕೇದಗೆ. ಎಲೆ ಅಂಚಿಗೆ ಗರಗಸದಂಥ ಮುಳ್ಳು, ಬುಡಕ್ಕೆ ಹೆಬ್ಬೆಟ್ಟಿನಷ್ಟು ದಪ್ಪದ ಬಿಳಲು. ಆ ಬಿಳಲೊಳಗೆ ಪ್ಲಾಸ್ಟಿಕ್ಕು ಸಿಕ್ಕಾಕ್ಕಂಡು ಜೋತಾಡ್ತಿತ್ತು. ಎಷ್ಟು ಹೆಕ್ಕಿದ್ರೂ ಮುಗಿಯೂದಿಲ್ಲ, ಕೈಯೆಲ್ಲ ರಕ್ತ. ಒಬ್ಬ ಹುಡುಗ, "ನಾಗಕ್ಕ, ಇದ್ರೊಳಗೆ ಹಾವು ಇರ್ತದೆ, ನಾ ಕೈ ಹಾಕೂದಿಲ್ಲ" ಅಂದ. ನಾನು ಅಂದೆ, "ಹಂಗಾದ್ರೆ ಕಡಿದೇ ಬಿಡಿ." ಅಷ್ಟು ಸಸಾರವಾಗಿ ಅಂದೆ, ಮಕ್ಳೇ. ಅದೇ ಕೇದಗೆ ಎಲೆ ತಂದು, ಮುಳ್ಳು ತೆಗೆದು, ಬೇಯಿಸಿ, ಒಣಗಿಸಿ ಚಾಪೆ ಹೆಣೆಯೂಕೆ ನಂಗೆ ಕಲಿಸಿದ್ದು ಮಾದೇವಿಯ ಅತ್ತೆ. ನಿಮ್ಮಪ್ಪನ್ನ ಹೆತ್ತು ಮಲಗಿಸಿದ್ದು ಅಂಥಾ ಚಾಪೆ ಮೇಲೆ. ಆಮೇಲೆ ಪೇಟೆಯಲ್ಲಿ ಪ್ಲಾಸ್ಟಿಕ್ ಚಾಪೆ ಬಂತು, ಬಣ್ಣ ಬಣ್ಣದ್ದು, ಹೆಣೆಯೂದು ಬಿಟ್ವಿ. ಹೆಣೆಯೂದು ಬಿಟ್ಟ ಮೇಲೆ ಕೇದಗೆ ನಮ್ಮ ಲೆಕ್ಕಕ್ಕೆ ಬರೀ ಕಾಡುಗಿಡ ಆತು.

ಮಾದೇವಿ ಗದ್ದೆಯಿಂದ ಓಡಿ ಬಂದ್ಲು. ಕೈಗೆಲ್ಲ ಕೆಸರು. ಅವಳು ಯಾವತ್ತೂ ದೊಡ್ಡ ಗಂಟಲಲ್ಲಿ ಮಾತಾಡಿದವಳಲ್ಲ, ಗಂಡ ಸತ್ತಾಗಲೂ ಸದ್ದಿಲ್ಲದೆ ಅತ್ತವಳು. ಆವತ್ತು ದಂಡೆ ಮೇಲೆ ನಿಂತು, "ನಾಗಕ್ಕ, ಬ್ಯಾಡ, ಇದನ್ನ ಮುಟ್ಬೇಡಿ, ಇದು ಅತ್ತೆ ನೆಟ್ಟದ್ದು. ಇದು ಹೋದ್ರೆ ನನ್ ಗದ್ದೆ ನಿಲ್ಲೂದಿಲ್ಲ" ಅಂದ್ಲು. ಎಲ್ಲರೂ ಕೆಲಸ ನಿಲ್ಲಿಸಿ ನನ್ನ ಮುಖ ನೋಡಿದ್ರು. ನಂಗೆ ಅವಮಾನ ಆದಂಗಾತು. ನಾನು ಎಂತ ಅಂದೆ ಗೊತ್ತದ್ಯಾ? "ಊರಿಗೆ ಊರೇ ಹಳ್ಳಕ್ಕೆ ಇಳಿದು ಗೇಯ್ತಾ ಅದೆ, ನೀನು ಒಂದು ಭಾನುವಾರ ಬಂದದ್ದಿಲ್ಲ. ಈಗ ಮುಳ್ಳಿನ ಹಿಂಡು ಕಾಯೂಕೆ ಬಂದ್ಯಾ? ಕಸ ಬೇಕಾದ್ರೆ ಮನೆಯೊಳಗೆ ಇಟ್ಕ" ಅಂದೆ. ಎಲ್ಲರೂ ನಕ್ರು. ಅವಳು ಭಾನುವಾರ ಬಾರದ್ದು ಕೂಲಿಗೆ ಹೋಗ್ಬೇಕಾಗಿ, ಅದು ನಂಗೆ ಗೊತ್ತಿತ್ತು. ಗೊತ್ತಿದ್ದೇ ಅಂದೆ. ಅವಳು ಕೆಸರು ಕೈ ಸೀರೆಗೆ ಒರೆಸಿಕೊಂಡು ಹೋದ್ಲು. ಮರುದಿನ ಹುಡುಗ್ರು ಜೆಸಿಬಿ ತಂದು ಬುಡ ಸಮೇತ ಕಿತ್ತು ಹಾಕಿದ್ರು. ಅರ್ಧ ದಿನದ ಕೆಲಸ.

ಮೇಡಂ ಬಂದ್ರು. ಬ್ಯಾನರ್ ಕಟ್ಟಿದ್ವಿ, ಹೂ ಕೊಟ್ವಿ, ಫೋಟೋ ತೆಗೆದ್ರು. ಹಳ್ಳ ಡಾಂಬರು ರಸ್ತೆಯಂಗೆ ನುಣ್ಣಗೆ ಕಾಣ್ತಿತ್ತು. ಅವ್ರು ಒಳ್ಳೆಯವ್ರೇ, ಕಣ್ಣು ಚುರುಕು. ತಿರುವಿಗೆ ಬಂದವ್ರು ನಿಂತು ಕೇಳಿದ್ರು, "ಅಮ್ಮಾ, ಈ ದಂಡೆ ಯಾಕೆ ಇಷ್ಟು ಬೋಳಾಗಿದೆ? ಗಿಡ ಏನೂ ಇರ್ಲಿಲ್ವಾ?" ನಾನು ಸೆರಗು ಸರಿ ಮಾಡ್ಕಂಡು, "ಇಲ್ಲ ಮೇಡಂ, ಮೊದ್ಲಿಂದ ಹಿಂಗೇ" ಅಂದೆ. ಬಾಯಿ ತುಂಬ ಸುಳ್ಳು. ಅಲ್ಲೇ ಬದುವಿನ ಮೇಲೆ ಮಾದೇವಿ ಹುಲ್ಲಿನ ಹೊರೆ ಹೊತ್ಕಂಡು ನಿಂತಿದ್ಲು. ಕೇಳ್ತು ಅವಳಿಗೆ. ಅವಳು ಬಾಯಿ ಬಿಟ್ಟಿದ್ರೆ ನನ್ನ ಮಾನ ಅಲ್ಲೇ ಹೋಗ್ತಿತ್ತು, ಬಿಡ್ಲಿಲ್ಲ. ಮೇಡಂ ನನ್ನ ಕೈ ಹಿಡ್ಕಂಡು ಹೊಗಳಿದ್ರು.

ಆಷಾಢದಲ್ಲಿ ಮೂರು ದಿನ ಬಿಡದೆ ಹೊಯ್ತು. ನಾಲ್ಕನೇ ದಿನ ಬೆಳಿಗ್ಗೆ ಗಂಜಿ ಬಡಿಸ್ತಾ ಇದ್ದೆ, ನಿಮ್ಮಪ್ಪ ಕೊಡೆ ಮಡಚದೆ ಒಳಗೆ ಬಂದು, "ಅಮ್ಮಾ, ಮಾದೇವಕ್ಕನ ದಂಡೆ ಹೋತು" ಅಂದ. ಓಡಿದೆ. ಹೋಗಿ ನೋಡ್ರೆ ಹಳ್ಳ ತಿರುವಲ್ಲಿ ತಿರುಗ್ತಾ ಇಲ್ಲ ಮಕ್ಳೇ, ನೆಟ್ಟಗೆ ಅವಳ ಗದ್ದೆಗೇ ನುಗ್ತಾ ಅದೆ. ನೆಟ್ಟಿ ಮಾಡಿ ಎಂಟು ದಿನ ಆಗಿತ್ತು, ಒಂದು ಸಸಿ ಕಾಣೂದಿಲ್ಲ, ಕೆಂಪು ನೀರು, ನೀರಿನ ಮೇಲೆ ನೀರು. ದಂಡೆ ಮಣ್ಣು ಕಣ್ಣೆದುರಿಗೇ ಹೋಳು ಹೋಳಾಗಿ ಬೀಳ್ತಿತ್ತು. ಬಾವಿ ಕಟ್ಟೆಯವರೆಗೂ ಬಂತು. ಮಾದೇವಿ ಕಂಬಳಿ ಕೊಪ್ಪೆ ಹಾಕ್ಕಂಡು ನಿಂತಿದ್ಲು. ನನ್ನ ಕಂಡ್ಲು. ಬೈಯ್ತಾಳೆ, ಮಣ್ಣು ತೂರಿ ಶಾಪ ಹಾಕ್ತಾಳೆ ಅಂದ್ಕಂಡೆ. ಹಾಕಿದ್ರೆ ನಂಗೆ ಉಸಿರಾಡೂಕಾದ್ರೂ ಆತಿತ್ತು. ಮುಖ ಆಚೆ ತಿರುಗಿಸಿ ನೀರು ನೋಡ್ತಾ ನಿಂತ್ಲು.

ನೀರು ಇಳಿದ ಮೇಲೆ ಗದ್ದೆ ತುಂಬ ಮೊಣಕಾಲು ಮಟ್ಟ ಮರಳು. ಸಂಘದವ್ರನ್ನ ಕರೆದೆ, "ಮರಳು ಎತ್ತುವ, ಬನ್ನಿ" ಅಂತ. ಒಬ್ಳು ಕೇಳ್ತಾಳೆ, "ಮೇಡಂ ಬತ್ರಾ ನಾಗಕ್ಕ?" ಇನ್ನೊಬ್ಬ ಅಂತಾನೆ, "ಅದು ಹಳ್ಳದ ಕೆಲಸ ಅಲ್ವಲ್ಲ, ಅವರ ಸ್ವಂತ ಗದ್ದೆ." ಎರಡು ಭಾನುವಾರ ನಾಲ್ಕು ಜನ ಬಂದ್ರು, ಮೂರನೇದಕ್ಕೆ ನಾನೂ ನಿಮ್ಮಪ್ಪನೂ ಇಬ್ರೇ. ಬೈಯೂಕೆ ನಂಗೆ ಬಾಯಿ ಎಲ್ಲಿ ಅದೆ? ಬೇಸಿಗೆ ಬಂತು, ಆಗ ತಿಳೀತು ಇನ್ನೊಂದು. ಹುಣ್ಣಿಮೆ ಅಮಾಸೆಗೆ ಸಮುದ್ರ ಉಕ್ಕಿದಾಗ ಉಪ್ಪುನೀರು ಹಳ್ಳದಲ್ಲಿ ಮೇಲೆ ಬತ್ತದಲ್ಲ, ಅದಕ್ಕೆ ಮೊದ್ಲು ದಂಡೆ ಅಡ್ಡ ಇತ್ತು. ಈಗ ಎಂತ ಅದೆ ಅಡ್ಡ? ಮಾದೇವಿ ಬಾವಿ ಉಪ್ಪಾತು. ಅನ್ನ ಬೇಯಿಸೂಕಾಗೂದಿಲ್ಲ, ಬೇಳೆ ಬೇಯೂದಿಲ್ಲ. ನಮ್ಮ ಬಾವಿ ಅವಳ ಮನೆಗೆ ಹತ್ತಿರ. ಆದ್ರೆ ಅವಳು ಕೊಡಪಾನ ಸೊಂಟಕ್ಕೆ ಇಟ್ಕಂಡು ನಮ್ಮ ಮನೆ ಎದುರಿಗೇ ಹಾದು, ಗುಡ್ಡದ ಬುಡದ ಬಾವಿಗೆ ಹೋಗ್ತಿದ್ಲು. ನಾನು ಇದೇ ಜಗಲಿ ಮೇಲೆ ಕೂತು ನೋಡ್ಬೇಕು. "ಮಾದೇವಿ, ಇಲ್ಲೇ ಎತ್ಕ ಮಾರಾಯ್ತಿ" ಅಂದ್ರೆ, "ಇರ್ಲಿ" ಅಂತಿದ್ಲು. ಆ "ಇರ್ಲಿ" ಕೇಳಿ ಕೇಳಿ ನಂಗೆ ಊಟ ಸೇರೂದು ನಿಂತ್ಹೋತು.

ಕಡೆಗೆ ಒಂದು ದಿನ ಅವಳ ಮನೆಗೇ ಹೋದೆ. ತಪ್ಪಾತು ಅನ್ನೂಕೆ ಹೋದವಳು, ಬಾಯಿಗೆ ಬಂದದ್ದು ಬೇರೆಯೇ. "ಕೇದಗೆ ನೆಡೂದು ಹೆಂಗೆ ಮಾದೇವಿ? ನಂಗೆ ಹೆಣೆಯೂಕೆ ಮಾತ್ರ ಗೊತ್ತು" ಅಂದೆ. ಅವಳು ತೆಂಗಿನಗರಿ ಹೆಣೀತಾ ಇದ್ಲು, ತಲೆ ಎತ್ಲಿಲ್ಲ. ಗರಿ ಮಡಚ್ತಾನೇ, "ಬದಿಯ ಕಂದು ಕಡೀಬೇಕು, ಬಿಳಲು ಬಿಟ್ಟ ಮರಿಗಿಡ. ಮೊದಲ ಮಳೆ ಬಿದ್ದ ಮೇಲೆ ಓರೆಯಾಗಿ ಊರ್ಬೇಕು, ನೆಟ್ಟಗಲ್ಲ" ಅಂದ್ಲು. ಅಷ್ಟೇ. ಕರ್ಕಿಯಲ್ಲಿ ನನ್ನ ತಂಗಿ ಮನೆ ಹಿಂದೆ ಇನ್ನೂ ಕೇದಗೆ ಅದೆ. ನಿಮ್ಮಪ್ಪ ರಿಕ್ಷಾದಲ್ಲಿ ಎರಡು ಸಲ ಹೋಗಿ ಕಂದು ತಂದ. ಮಳೆ ಬಿದ್ದ ಮೂರನೇ ದಿನ ನಾನು ದಂಡೆ ಮೇಲೆ ಒಬ್ಳೇ ಕುಕ್ಕರುಗಾಲಲ್ಲಿ ಕೂತು ಊರ್ತಾ ಇದ್ದೆ. ಎರಡು ಸಾಲು ಆಗಿತ್ತು. ಮಾದೇವಿ ಬಂದು ನಿಂತ್ಲು, ನೋಡಿದ್ಲು, ಬಗ್ಗಿ ನಾನು ಊರಿದ್ದನ್ನೆಲ್ಲ ಕಿತ್ತು ಹಾಕಿದ್ಲು. ಆಮೇಲೆ ಅದನ್ನೇ ತಕಂಡು ಇನ್ನೂ ಕೆಳಗೆ, ನೀರಿನ ಹತ್ರ, ಓರೆ ಮಾಡಿ ಊರೂಕೆ ಹಿಡಿದ್ಲು. ನಾನು ಒಂದೊಂದೇ ಕಂದು ಎತ್ತಿ ಅವಳ ಕೈಗೆ ಕೊಟ್ಟೆ. ಕಡೇ ಕಂದು ಊರಿ ಮಣ್ಣು ತುಳಿದು, ಅವಳು ಆವತ್ತು ಮೊದಲನೇ ಸಲ ನನ್ನ ಮುಖ ನೋಡಿ ಅಂದ್ಲು, "ನಿಂಗೆ ನನ್ ಮಾತು ಕೇಳೂಕೆ ನನ್ ಗದ್ದೆನೇ ಹೋಗ್ಬೇಕಾತು ನಾಗಕ್ಕ."

ನಾನು ಅಲ್ಲೇ ಕೂತು ಅತ್ತೆ. ಅವಳು ಅಳ್ಲಿಲ್ಲ.

ಕೇದಗೆ ಈಗ ಸೊಂಟಕ್ಕೆ ಬಂದದೆ, ಬಿಳಲು ಬಿಟ್ಟು ನೆಲ ಹಿಡಿಯೂಕೆ ಇನ್ನೂ ವರ್ಷ ಬೇಕು. ಗದ್ದೆ ಮರಳಾದದ್ದು ಮರಳೇ. ಬಾವಿ ಬೇಸಿಗೆಗೆ ಉಪ್ಪೇ. ಮಾದೇವಿ ಈಗ ಮಾತಾಡ್ತಾಳೆ, ಹಬ್ಬಕ್ಕೆ ಕರೆದ್ರೆ ಬತ್ತಾಳೆ, ನಮ್ಮ ಬಾವಿಗೆ ಮಾತ್ರ ಇವತ್ತಿನವರೆಗೂ ಕೊಡಪಾನ ಇಳಿಸಿದ್ದಿಲ್ಲ. ಈ ವಯಸ್ಸಿಗೆ ಅಜ್ಜಿ ಬೆಳಿಗ್ಗೆ ನೀರು ಹೊತ್ಕಂಡು ಎಲ್ಲಿಗೆ ಹೋಗೂದು ಅಂತ ಕೇಳ್ತೀರಲ್ಲ, ಅಲ್ಲಿಗೇ. ಅವಳ ಜಗಲಿ ಮೇಲೆ ಇಟ್ಟು ಬತ್ತೆ. ಬ್ಯಾಡ ಅಂತ ಅವಳು ಹೇಳೂದಿಲ್ಲ, ಬಾ ಕೂತ್ಕ ಅಂತಲೂ ಹೇಳೂದಿಲ್ಲ. ನೀ ನಾಳೆ ಹೋಗು ಸಹನಾ, ಒಳ್ಳೆ ಕೆಲಸ, ಹೋಗ್ಲೇಬೇಕು. ಹೋದಲ್ಲಿ ಹಳ್ಳಕ್ಕೆ ಇಳಿಯೂಕಿಂತ ಮೊದ್ಲು ದಂಡೆ ಮೇಲೆ ಮನೆ ಇದ್ದವ್ರ ಬಾಗಿಲಿಗೆ ಹೋಗಿ ಕೇಳು. ಅವ್ರು ಬ್ಯಾಡ ಅಂದ್ರೆ ಎಂತಕ್ಕೆ ಬ್ಯಾಡ ಅಂತ ಕೂತ್ಕಂಡು ಕೇಳು. ಆತು, ಏಳಿ ಈಗ, ಅನ್ನ ತಣ್ಣಗಾತದೆ.