ಎರಡು ಸಲ ಒಯ್ದ ಮಾತ್ರೆ

ಮಂಜಿನ್ನೂ ಕರಗದ ಬೆಳಿಗ್ಗೆ. ಆಸ್ಪತ್ರೆಯ ಔಷಧಿ ಸಾಲಿನಲ್ಲಿ ನನ್ನ ಮುಂದೆ ನೀರಿನ ಮೀಟರ್ ಓದುವವನು, ಕಿಟಕಿಯೊಳಗೆ ನರ್ಸಮ್ಮ.

“ಸಿಸ್ಟರ್, ನಮ್ಮ ದರ್ಜಿ ಅಕ್ಕನ ಮನೆ ಮೀಟರು ಕುದುರೆ ಹಾಗೆ ಓಡ್ತಿದೆ. ನಲ್ಲಿ ಬಿಟ್ಟಿದ್ದು ಮರೆತು ಹೊಲೀತಾ ಕೂತಿದ್ರು.”

“ಮರೆವು ಯಾರಿಗಿಲ್ಲಪ್ಪ? ಮೊನ್ನೆ ನೀನೇ ಟಾರ್ಚು ಇಲ್ಲಿ ಬಿಟ್ಟು ಹೋಗಿದ್ದೆ.”

“ಗ್ಯಾಸ್ ತರೋ ಅಣ್ಣ ಅವರ ಮನೆಗೆ ಹೋದಾಗ ಒಲೆಯೂ ಸುಮ್ಮನೆ ಉರೀತಿತ್ತಂತೆ.”

ನರ್ಸಮ್ಮ ದಾಖಲೆ ಪುಸ್ತಕ ತಿರುವಿದರು.

“ಅಯ್ಯೋ ದೇವರೇ! ಒಂದೇ ವಾರದಲ್ಲಿ ಬಿ.ಪಿ. ಮಾತ್ರೆ ಎರಡು ಸಲ ಒಯ್ದಿದ್ದಾರೆ. ಎರಡೆರಡು ನುಂಗಿಬಿಟ್ರೆ? ನಡಿ, ಈಗಲೇ ನೋಡಿ ಬರೋಣ.”

ಇಬ್ಬರೂ ಬಾಗಿಲು ದಾಟುವಷ್ಟರಲ್ಲಿ ದರ್ಜಿ ಅಕ್ಕನೇ ಎದುರಾದರು.

“ಇದು ಹೆಚ್ಚಿಗೆ ಬಂದುಬಿಟ್ಟಿದೆ ತಾಯಿ. ಯಾವಾಗ ಒಯ್ದೆನೋ ನೆನಪೇ ಇಲ್ಲ. ನಂಗೇನೋ ಆಗ್ತಿದೆ.”

ಬಿಚ್ಚದ ಮಾತ್ರೆ ಪೊಟ್ಟಣವನ್ನು ಅವರು ಮೆಲ್ಲಗೆ ನರ್ಸಮ್ಮನ ಅಂಗೈಯಲ್ಲಿಟ್ಟರು.